ಕರಿಗುಂಡಿಯವರು ತುಂಬಿದ ಉಡಿ

ಕರಿಗುಂಡಿ, ಯಲಬುರ್ಗಾ ತಾಲ್ಲೂಕು
11 ಅಕ್ಟೋಬರ್ 1999

ಪ್ರಿಯ ಸುನಿತಾ,

ಕರಿಗುಂಡಿಯ ಕೆರೆ ಶನಿವಾರ ಕೋಡಿ ಬಿತ್ತು. ಬೆಳಿಗ್ಗೆ ಮೊದಲು ನೋಡಿ ಬಂದು ಹೇಳಿದವಳು ಹಸೀನಾಬೇಗಂ. ನಾನು ಅಂಗನವಾಡಿಯ ಬೀಗ ತೆಗೆಯುತ್ತಿದ್ದೆ. "ಟೀಚರ್, ನೀರು ಕೋಡಿ ದಾಟಿ ಹೊಂಟೈತ್ರಿ. ಇದನ್ನ ಪೇಪರಿನಾಗ ಹಾಕಂಗಿಲ್ಲೇನ್ರಿ?" ಎಂದಳು. ಮಧ್ಯಾಹ್ನ ಕೆರೆ ಸಂಘದ ಹೆಂಗಸರಿಗೆ ನಾನು ಪೇಪರ್ ಓದಿ ಹೇಳುವ ರೂಢಿ ಇನ್ನೂ ನಡೆದಿದೆ. ಸಾಕ್ಷರತಾ ಆಂದೋಲನದಲ್ಲಿ ನಾವಿಬ್ಬರು ಅಕ್ಷರ ಕಲಿಸಿದವರೇ ಈಗ ನಾನು ಓದುವುದರಲ್ಲಿ ತಪ್ಪು ಹಿಡಿಯುತ್ತಾರೆ.

ನಾನು ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಕೆರೆ ತುಂಬಿದ್ದು ಇದೇ ಮೊದಲು. ಬೇಸಿಗೆಯಲ್ಲಿ ಓಣಿಗೊಂದು ದಿನದಂತೆ ಪಾಳಿ ಹಚ್ಚಿ ಹೂಳು ತೆಗೆದದ್ದಕ್ಕೆ ಫಲ ಸಿಕ್ಕಿತು. ಈಗ ಪಾಳಿಯ ಪ್ರಕಾರವೇ ಕಾವಲು ಇದೆ. ದನ ಇಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಕೊಡ ತುಂಬಲು ಹೋಗುವವರು ಚಪ್ಪಲಿಯನ್ನು ಕಟ್ಟೆಯ ಮೇಲೆ ಬಿಡಬೇಕು. ಬೋರಿನ ನೀರು ಕುಡಿದು ಹುಡುಗರ ಹಲ್ಲು ಕಂದಿದ್ದು, ನಮ್ಮ ಸಂಘದ ಅಧ್ಯಕ್ಷೆ ಹುಲಿಗವ್ವನ ಮೊಣಕಾಲು ಬಾಗಿದ್ದು ನೀನು ಕಂಡಿದ್ದೀಯ. ಅದು ಫ್ಲೋರೈಡ್ ಎಂದು ನೀರು ಪರೀಕ್ಷೆ ಮಾಡಿದವರು ಹೇಳಿ ಹೋದರೇ ಹೊರತು ಬೇರೆ ನೀರು ಕೊಡಲಿಲ್ಲ. ಹೀಗಾಗಿ ಕೆರೆಯ ನೀರನ್ನು ಕುಡಿಯುವುದಕ್ಕೆ ಮಾತ್ರ ಎಂದು ಊರು ನಿರ್ಧರಿಸಿದೆ.

ಉಳಿದಿರುವುದು ಎರಡು ಕೆಲಸ: ಕಟ್ಟೆಗೆ ಒಳಗಡೆ ಕಲ್ಲು ಹೊದಿಸುವುದು, ನೀರು ಸೋಸಲು ಮರಳಿನ ತೊಟ್ಟಿ ಕಟ್ಟುವುದು. ಇಷ್ಟಕ್ಕೆ ನೀನು ಓದಲು ಹೋದ ಬೆಲ್ಜಿಯಂನ ಸ್ನೇಹ ಸಮಿತಿಯ ನೆರವು ಬೇಕು. ಏನು ಬೇಕೆಂದು ಊರಿನವರೇ ಹೇಳಲಿ, ನಾವು ಜೊತೆಗೆ ನಿಲ್ಲುತ್ತೇವೆ ಎಂದು ಅವರು ಬರೆದಿದ್ದ ಮಾತನ್ನು ನಾನು ಸಂಘದಲ್ಲಿ ಎರಡು ಸಲ ಓದಿದ್ದೇನೆ. ಎರಡನೆಯ ಸಲ ಹುಲಿಗವ್ವನೇ ಓದಿಸಿದಳು.

ನಿನ್ನ ಅಕ್ಕ,
ಕಳಕಮ್ಮ


ಗೆಂಟ್, ಬೆಲ್ಜಿಯಂ
15 ನವೆಂಬರ್ 1999

ಪ್ರೀತಿಯ ಕಳಕಮ್ಮಕ್ಕನಿಗೆ,

ನಿಮ್ಮ ಪತ್ರವನ್ನು ಸಮಿತಿಯ ಸಭೆಯಲ್ಲಿ ಅನುವಾದಿಸಿ ಓದಿದೆ. ಕೆರೆ ಕೋಡಿ ಬಿತ್ತು ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಇಲ್ಲಿ ಯಾರೂ ಶ್ರೀಮಂತರಲ್ಲ ಅಕ್ಕಾ. ಟ್ರ್ಯಾಮ್ ಓಡಿಸುವವರು, ಬೇಕರಿಯವರು, ಶಾಲೆಯಿಂದ ನಿವೃತ್ತರಾದವರು. ಚರ್ಚಿನ ಸಭಾಂಗಣದಲ್ಲಿ ಸೂಪ್ ಮಾಡಿ ಮಾರಿ ನಿಮ್ಮ ಕೆರೆಗೆಂದು ಎತ್ತಿಡುತ್ತಾರೆ. ಹಸೀನಾಬೇಗಂ ಮಣ್ಣಿನ ಬುಟ್ಟಿ ಹೊತ್ತ ಫೋಟೊ ಅಲ್ಲಿನ ಗೋಡೆಯ ಮೇಲಿದೆ. ಪಾಳಿಯ ವಿಷಯ ಕೇಳಿದ ಒಬ್ಬ ಟ್ರ್ಯಾಮ್ ಚಾಲಕ, ಮುಷ್ಕರದ ದಿನಗಳಲ್ಲಿ ನಾವೂ ಹೀಗೇ ಕಾವಲು ಕೂತಿದ್ದೆವು ಎಂದ.

ಸಮಿತಿಯ ಅಧ್ಯಕ್ಷೆ ಮಾರ್ಗ್ರೀತ್ ಜನವರಿಯಲ್ಲಿ ಬರುತ್ತಾರೆ. ಅವರ ಜೊತೆ ದುಭಾಷಿಯಾಗಿ ನಾನೂ ಬರುತ್ತೇನೆ. ಓದು ಮುಗಿದ ಮೇಲೆ ಸಮಿತಿಯ ಕಚೇರಿಯಲ್ಲೇ ನನಗೆ ಕೆಲಸ ಕೊಟ್ಟಿದ್ದಾರೆ, ಸದ್ಯಕ್ಕೆ ತಾತ್ಕಾಲಿಕ.

ಇನ್ನೊಂದು ಮಾತು. ಇಲ್ಲಿನ ಒಂದು ಕಂಪನಿ ಫ್ಲೋರೈಡ್ ತೆಗೆಯುವ ಯಂತ್ರ ಮಾಡುತ್ತದೆ. ನಿಮ್ಮ ಊರಿಗೆ ಒಂದನ್ನು ಕೊಡುವುದಾಗಿ ಕಂಪನಿಯವರೇ ಸಮಿತಿಗೆ ಹೇಳಿದ್ದಾರೆ. ಮಾತುಕತೆ ಅಷ್ಟೇ, ನೀವು ತಲೆಗೆ ಹಚ್ಚಿಕೊಳ್ಳಬೇಡಿ.

ನಿಮ್ಮ ಸುನಿತಾ


ಕರಿಗುಂಡಿ
7 ಫೆಬ್ರುವರಿ 2000

ಪ್ರಿಯ ಸುನಿತಾ,

ಯಂತ್ರ ಬೇಡವೆಂದು ಸಂಘ ಒಮ್ಮತದಿಂದ ತೀರ್ಮಾನಿಸಿದೆ. ಸಭೆಯಲ್ಲಿ ನೀನೇ ಕುಳಿತಿದ್ದೆ. ಆದರೂ ಸಮಿತಿಯ ದಾಖಲೆಗೆ ಬೇಕಾಗಬಹುದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಮಾರ್ಗ್ರೀತ್ ಅವರು ಯಂತ್ರದ ಚಿತ್ರ ತೋರಿಸಿದರು. ಬೋರಿನ ನೀರನ್ನೇ ಶುದ್ಧ ಮಾಡುತ್ತದೆ, ನಡೆಸಲು ಗುತ್ತಿಗೆದಾರ ಇರುತ್ತಾನೆ, ಜನ ಟೋಕನ್ ಕೊಂಡು ಕೊಡ ತುಂಬಬೇಕು ಎಂದು ನೀನು ವಿವರಿಸಿದೆ. ಎಲ್ಲಿ ಕೂರಿಸುತ್ತೀರಿ ಎಂದು ಹಸೀನಾಬೇಗಂ ಕೇಳಿದಳು. ಬೋರಿನ ಪಕ್ಕದ ಸರ್ಕಾರಿ ಜಾಗ ಎಂದು ನೀನು ಹೇಳಿದೆ. ಅಂದರೆ ಮಳೆಯ ನೀರು ಕೆರೆಗೆ ಇಳಿಯುವ ಹಳ್ಳದ ಬಾಯಿ. ಆಗ ಹುಲಿಗವ್ವ ಹೇಳಿದ್ದು:

"ಯಂತ್ರ ಬ್ಯಾಡ್ರಿ ಬಾಯಾರ. ಕರೆಂಟ್ ಹೋದ್ರ ಅದರ ಬಾಯಿ ಬಂದ್. ಕೆಟ್ರ ರಿಪೇರಿ ಮಾಡಾಕ ನಿಮ್ಮೂರಿಂದ ಬರಬೇಕು. ಹಳ್ಳದ ಬಾಯಾಗ ಕಟ್ಟಡ ಕಟ್ಟಿದ್ರ ಕೆರಿಗೆ ನೀರು ಎಲ್ಲಿಂದ ಬರತೈತಿ? ಕೆರಿ ನಮ್ಮ ಕೈಯಾಗ ಐತಿ, ನಮ್ಮ ಕೈಯಾಗ ಇರಲಿ. ಕಲ್ಲು ಕೊಡ್ರಿ, ಸಾಕು."

ನಂತರ ಒಬ್ಬೊಬ್ಬರೇ ಎದ್ದು ಅದನ್ನೇ ಹೇಳಿದರು. ನೀನು ಅದನ್ನು ಮಾರ್ಗ್ರೀತ್ ಅವರಿಗೆ ತಿಳಿಸಿದೆ. ಅವರು ನಗುತ್ತಾ ತಲೆಯಾಡಿಸಿದರು. ಬೇಡವೆಂದರೂ ಬೇಸರಪಟ್ಟುಕೊಳ್ಳಲಿಲ್ಲ ಎಂದು ನಮಗೆ ಅವರ ಮೇಲೆ ಗೌರವ ಹೆಚ್ಚಾಯಿತು. ನೀವು ಹೋದ ಮೇಲೆ ಹಸೀನಾಬೇಗಂ, "ನಾವು ಒಂದು ತಾಸು ಮಾತಾಡಿದ್ದನ್ನ ಸುನಿತಾಬಾಯಿ ಎರಡು ಮಾತಿನಾಗ ಮುಗಿಸಿದ್ಲು. ಆ ಭಾಷಿ ಕಲಿಯಾಕ ಭಾಳ ಹೊತ್ತು ಹತ್ತಂಗಿಲ್ಲ ಬಿಡ್ರಿ" ಎಂದು ಎಲ್ಲರನ್ನೂ ನಗಿಸಿದಳು.

ಮರುದಿನ ಹೊರಡುವಾಗ ಉಡಿ ತುಂಬಿದ್ದು ಊರಿನಲ್ಲಿ ಇನ್ನೂ ಮಾತಾಗಿದೆ. ಪ್ಯಾಂಟ್ ಹಾಕಿಕೊಂಡ ಹೆಂಗಸು ಉಡಿ ಒಡ್ಡುವುದು ಹೇಗೆ? ಹಸೀನಾಬೇಗಂ ತನ್ನ ಮಗಳ ಓಢಣಿಯನ್ನು ಅವರ ಸೊಂಟಕ್ಕೆ ಕಟ್ಟಿದಳು. ಕುಬಸದ ಖಣ, ಕೊಬ್ಬರಿ ಬಟ್ಟಲು, ಅಕ್ಕಿ, ಎಲೆ ಅಡಿಕೆ ಹಾಕಿದೆವು. ಅವರ ಕಣ್ಣಲ್ಲಿ ನೀರು ಬಂತು. ಫೋಟೊ ನೀನೇ ತೆಗೆದೆ. ಒಂದು ಪ್ರತಿ ಕಳಿಸು.

ಕುಷ್ಟಗಿಯ ಕಲ್ಲಿನವನು ಯುಗಾದಿಯ ಮುಂಚೆ ಹೇಳಿದರೆ ಕಲ್ಲು ಇಳಿಸುತ್ತೇನೆ ಎಂದಿದ್ದಾನೆ. ಸಮಿತಿಯ ತೀರ್ಮಾನ ಬೇಗ ತಿಳಿಸು.

ಕಳಕಮ್ಮ


ಗೆಂಟ್
10 ಮಾರ್ಚ್ 2000

ಪ್ರೀತಿಯ ಅಕ್ಕಾ,

ಫೋಟೊ ಇಟ್ಟಿದ್ದೇನೆ. ಇಲ್ಲಿ ಅದು ಎಲ್ಲರಿಗೂ ಮೆಚ್ಚಿಗೆಯಾಯಿತು, ಸಮಿತಿಯ ಪತ್ರಿಕೆಯ ಮುಖಪುಟದಲ್ಲಿ ಹಾಕಿದ್ದಾರೆ. ಮಾರ್ಗ್ರೀತ್ ಸಿಕ್ಕವರಿಗೆಲ್ಲ ನಿಮ್ಮ ಊರಿನ ಕಥೆ ಹೇಳುತ್ತಾರೆ. ನಾನು ತಂದ ಕಿನ್ನಾಳದ ಗೊಂಬೆ ಅವರ ಮೇಜಿನ ಮೇಲಿದೆ.

ಸಭೆಯ ವಿಷಯ ಎಲ್ಲ ತಿಳಿಸಿದ್ದೇನೆ. ಕಲ್ಲಿನ ಬಗ್ಗೆ ಸ್ವಲ್ಪ ತಾಳಿ. ಈ ತಿಂಗಳಿಂದ ನನ್ನ ಕೆಲಸ ಕಾಯಂ ಆಯಿತು. ಭಾಗ್ಯನಗರಕ್ಕೆ ಹೋದರೆ ನಮ್ಮವ್ವನಿಗೆ ನೀವೇ ಹೇಳಿ, ನಿಮ್ಮ ಬಾಯಿಂದ ಕೇಳಿದರೆ ಆಕೆಗೆ ಸಂತೋಷ.

ಸುನಿತಾ


ಕರಿಗುಂಡಿ
24 ಏಪ್ರಿಲ್ 2000

ಪ್ರಿಯ ಸುನಿತಾ,

ಕುಷ್ಟಗಿಯ ಕಲ್ಲಿನವನು ಬೇರೆ ಊರಿನ ಕೆಲಸ ಹಿಡಿದಿದ್ದಾನೆ. ನಿನ್ನೆ ಅವನೇ ಬಂದು ಹೇಳಿದ. ನಿನ್ನ ಪತ್ರದಲ್ಲಿ ತಾಳಿ ಎಂದು ಮಾತ್ರ ಇತ್ತು. ಯಾವುದಕ್ಕೆ ತಾಳಬೇಕೆಂದು ಸಂಘದವರು ಕೇಳಿದರು. ಟಪಾಲು ತಡವಾಗುತ್ತದೆ ಎಂದೆ.

ಭಾಗ್ಯನಗರಕ್ಕೆ ಹೋಗಿದ್ದೆ. ನಿಮ್ಮವ್ವ ಸುದ್ದಿ ಕೇಳಿ ಸಕ್ಕರೆ ಕೈಗಿಟ್ಟರು. ಕೆರೆಯಲ್ಲಿ ಇನ್ನೂ ಸೊಂಟದಷ್ಟು ನೀರಿದೆ. ಹೊಸ ಪಂಚಾಯಿತಿ ಅಧ್ಯಕ್ಷ ಗವಿಸಿದ್ದಪ್ಪ ನನ್ನನ್ನು ಕಂಡಾಗ, "ನಿಮ್ಮ ಫಾರಿನ್ ಮಂದಿ ಪತ್ರ ಬಂದೈತ್ರಿ ಟೀಚರ್, ಛಲೋ ಕೆಲಸ ಮಾಡಿದ್ರಿ" ಎಂದರು. ಕಲ್ಲಿನ ವಿಷಯ ಇರಬೇಕೆಂದು ನಾನು ನಮಸ್ಕಾರ ಮಾಡಿ ಬಂದೆ. ಹೌದೇ ಎಂಬುದನ್ನು ತಿಳಿಸು.

ಕಳಕಮ್ಮ


ಕರಿಗುಂಡಿ
12 ಜೂನ್ 2000

ಸುನಿತಾ,

ಹಳ್ಳದ ಬಾಯಿಯಲ್ಲಿ ಶುಕ್ರವಾರ ಸುಣ್ಣದ ಗೆರೆ ಹಾಕಿ ಅಡಿಪಾಯ ಅಗೆಯಲು ಶುರು ಮಾಡಿದರು. ಕೆರೆಯ ಕಾವಲಿನಲ್ಲಿದ್ದ ಹುಲಿಗವ್ವ ನೋಡಿ ಹೇಳಿ ಕಳಿಸಿದಳು. ನಾವು ಹೋಗುವಷ್ಟರಲ್ಲಿ ಎರಡು ಟ್ರ್ಯಾಕ್ಟರ್ ಮಣ್ಣು ಹಳ್ಳದ ದಾರಿಯಲ್ಲೇ ಬಿದ್ದಿತ್ತು.

ಗುತ್ತಿಗೆದಾರನ ಕಡೆಯ ಇಂಜಿನಿಯರ್ ಹುಬ್ಬಳ್ಳಿಯವನು, ಮರ್ಯಾದೆಯಿಂದಲೇ ಮಾತನಾಡಿದ.

"ಯಾರನ್ನ ಕೇಳಿ ಅಗದೀರಿ?" ಎಂದಳು ಹುಲಿಗವ್ವ.

"ನಿಮ್ಮನ್ನ ಕೇಳೇ ಅಗದೀವ್ರಿ ಯವ್ವಾ. ಊರಿನ ಹೆಣ್ಣಮಕ್ಕಳು ಒಪ್ಪ್ಯಾರ ಅಂತ ಆ ಬಾಯಾರು ಪಂಚಾಯಿತಿಗೆ ಬರದಾರ. ನೀವೇ ಉಡಿ ತುಂಬಿ ಒಪ್ಪಿಗಿ ಕೊಟ್ಟೀರಂತಲ್ರಿ, ಫೋಟೊನೂ ಐತಿ."

ಹಸೀನಾಬೇಗಂ ನಕ್ಕಳು. "ಏ ತಮ್ಮಾ, ಉಡಿ ತುಂಬೂದು ಅಂದ್ರ ಒಪ್ಪಿಗಿ ಏನೋ? ಜಗಳಾಡಿ ಹೋಗೂ ಮಗಳಿಗೂ ಉಡಿ ತುಂಬತಾರ. ನಿಮ್ಮವ್ವನ್ನ ಕೇಳು ಹೋಗು."

"ಅದು ನನಗೂ ಗೊತ್ತೈತ್ರಿ," ಎಂದ ಅವನು. "ಆದ್ರ ಅವರಿಗೆ ಹಂಗ ಹೇಳಿದವರು ನಿಮ್ಮ ಕಡಿಯವರೇ ಅಂತ್ರಿ."

ಆಮೇಲೆ ಯಾರೂ ನಗಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಮ್ಮ ಕಡೆಯವರು ಅಲ್ಲಿ ನಿನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲ.

ಮನೆಯಿಂದ ಹೊರಡುವ ಹೆಣ್ಣುಮಗಳನ್ನು ಬರಿಯ ಉಡಿಯಲ್ಲಿ ಕಳಿಸಬಾರದು ಎಂಬುದಷ್ಟೇ ಆ ಪದ್ಧತಿಯ ಅರ್ಥ. ನಿನ್ನ ಉಡಿಯನ್ನು ನಾನೇ ತುಂಬಿದ್ದೇನೆ. ಮಾರ್ಗ್ರೀತ್ ಅವರಿಗೆ ಇದು ತಿಳಿಯದಿದ್ದರೆ ತಪ್ಪಲ್ಲ.

ಆ ದಿನ ಸಭೆಯಲ್ಲಿ ನೀನು ಅವರಿಗೆ ಏನು ಹೇಳಿದೆ? ಬೇರೇನೂ ಬರೆಯಬೇಡ. ಇದಕ್ಕೆ ಉತ್ತರ ಬರೆ.

ಕಳಕಮ್ಮ


ಗೆಂಟ್
3 ಜುಲೈ 2000

ಅಕ್ಕಾ,

ನಿಮ್ಮ ಪತ್ರ ಓದಿ ಸಂಕಟವಾಯಿತು. ಸ್ವಲ್ಪ ನನ್ನ ಮಾತೂ ಕೇಳಿ.

ಸಂಘದವರು ಒಪ್ಪಿದ್ದಾರೆ, ಯಂತ್ರ ಹೊಸದಾದ್ದರಿಂದ ಸ್ವಲ್ಪ ಅಂಜಿಕೆ ಇದೆ ಎಂದೆ. ಹುಲಿಗವ್ವ ಅಂಜಿದ್ದು ನಿಜ ತಾನೆ? ಬೇಡ ಎಂದು ನೇರವಾಗಿ ಹೇಳಿದ್ದರೆ ಕಂಪನಿ ಹಿಂದೆ ಸರಿಯುತ್ತಿತ್ತು. ಈ ವರ್ಷ ಸಮಿತಿಯನ್ನು ನಡೆಸುತ್ತಿರುವುದು ಕಂಪನಿಯ ನೆರವೇ. ಅದು ಹೋದರೆ ಕಲ್ಲೂ ಇಲ್ಲ, ಏನೂ ಇಲ್ಲ. ಪೆರು ದೇಶದ ಒಂದು ಊರು ಯಂತ್ರಕ್ಕಾಗಿ ಕಾಯುತ್ತಿತ್ತು. ನಮ್ಮ ಊರಿಗೆ ಬಂದದ್ದು ಕೈತಪ್ಪಬಾರದು ಎಂದು ಹಾಗೆ ಮಾಡಿದೆ. ಉಡಿ ತುಂಬುವುದು ಎಂದರೇನು ಎಂದು ಅವರು ಕೇಳಿದಾಗ, ನಿಮ್ಮನ್ನು ಮನೆಮಗಳೆಂದು ಒಪ್ಪಿಕೊಂಡರು ಎಂದೆ. ಅದು ಸುಳ್ಳಲ್ಲ. ಉಳಿದದ್ದನ್ನು ಅವರೇ ಕೂಡಿಸಿಕೊಂಡರು.

ಮಳೆ ಕೈಕೊಟ್ಟ ವರ್ಷ ಕೆರೆ ಒಣಗಿದರೆ ಮತ್ತೆ ಬೋರಿನ ನೀರೇ ಕುಡಿಯುತ್ತೀರಿ. ಹುಡುಗರ ಹಲ್ಲುಗಳನ್ನು ನಾನೂ ನೋಡಿದ್ದೇನೆ ಅಕ್ಕಾ. ಯಂತ್ರ ಶುರುವಾದ ಮೇಲೆ ನೀವೇ ನನ್ನನ್ನು ಹೊಗಳುತ್ತೀರಿ.

ಒಂದು ಬೇಡಿಕೆ. ಮಾರ್ಗ್ರೀತ್‌ಗೆ ನೇರವಾಗಿ ಬರೆಯಬೇಡಿ. ನನ್ನ ಕೆಲಸ ಇರುವುದು ಅವರ ನಂಬಿಕೆಯ ಮೇಲೆ.

ನಿಮ್ಮ ಸುನಿತಾ


ಕರಿಗುಂಡಿ
31 ಜುಲೈ 2000

ಸುನಿತಾ,

ಕಳೆದ ವಾರ ಮಳೆಯಾಯಿತು. ಕೆರೆಗೆ ಒಂದು ಕೊಡದಷ್ಟೂ ನೀರು ಬರಲಿಲ್ಲ. ಹಳ್ಳ ಅಡಿಪಾಯಕ್ಕೆ ಬಡಿದು ಕೆಳಗಿನ ಹೊಲಗಳಿಗೆ ತಿರುಗಿತೆಂದು ಹಸೀನಾಬೇಗಂ ಹೇಳಿದಳು, ನಾನೂ ಹೋಗಿ ನೋಡಿದೆ. ಕೆರೆಯ ತಳದಲ್ಲಿ ಉಳಿದಿದ್ದ ನೀರು ಆಷಾಢದಲ್ಲೇ ಮುಗಿಯಿತು. ಕಟ್ಟಡಕ್ಕೆ ಗೋಡೆ ಎದ್ದಿದೆ. ಯಂತ್ರ ಬಂದಿಲ್ಲ, ಕರೆಂಟಿನ ಕಂಬವೂ ಬಂದಿಲ್ಲ. ಈಗ ಊರೆಲ್ಲ ಬೋರಿನ ನೀರು ಕುಡಿಯುತ್ತಿದೆ. ನನ್ನ ಅಂಗನವಾಡಿಯ ಮಕ್ಕಳೂ ಅದನ್ನೇ ಕುಡಿಯುತ್ತಿವೆ.

ನಿನ್ನ ಪತ್ರವನ್ನು ನಾನು ಸಂಘದಲ್ಲಿ ಓದಿದೆ. ನೀನು ಬೇಸರ ಮಾಡಿಕೊಳ್ಳಬಹುದು. ಆದರೆ ಆ ಉತ್ತರ ಅವರಿಗೆ ಸೇರಿದ್ದು. ಯಾರೂ ನಿನ್ನನ್ನು ಬೈಯಲಿಲ್ಲ. ಬೈಯುತ್ತಾರೆಂದು ನಾನು ಕಾಯ್ದೆ. ಹುಲಿಗವ್ವ ಹೇಳಿದ್ದು ಇಷ್ಟೇ: "ನಾ ಅಂಜೀನಿ ಅಂತ ಹೇಳ್ಯಾಳ? ಮೊಣಕಾಲು ಬಾಗ್ಯಾವು, ಖರೆ. ಅಂಜಿಕಿ ಯಾವಾಗ ನೋಡಿದ್ಲು ಆಕಿ?" ನಂತರ ಕೋಲು ಹಿಡಿದು ಎದ್ದು ಮನೆಗೆ ಹೋದಳು.

ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದು ಒಂದು ವಿಷಯ. ಮಳೆ ಕೈಕೊಟ್ಟರೆ ಎಂಬ ನಿನ್ನ ಪ್ರಶ್ನೆ ಸರಿಯಾದದ್ದೇ. ಅದನ್ನು ನೀನು ಸಭೆಯಲ್ಲಿ ಎದ್ದು ನಿಂತು ಕೇಳಬಹುದಿತ್ತು. ಕೇಳಿದ್ದರೆ ವಾದ ಮಾಡುತ್ತಿದ್ದೆವು, ಬೇರೆ ಜಾಗವನ್ನಾದರೂ ತೋರಿಸುತ್ತಿದ್ದೆವು. ನಮ್ಮ ಎದುರು ಒಂದು ಮಾತೂ ಆಡದೆ, ನಮಗೆ ತಿಳಿಯದ ಭಾಷೆಯಲ್ಲಿ ನಮ್ಮ ಪರವಾಗಿ ಒಪ್ಪಿಬಿಟ್ಟೆ.

ನಿನ್ನ ಬೇಡಿಕೆಯನ್ನು ನಡೆಸಿಕೊಡಲು ಆಗುವುದಿಲ್ಲ. ಯಲಬುರ್ಗಾದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೌಲಾಹುಸೇನ ಸರ್ ಈಗ ನಿವೃತ್ತರು. ಸಂಘದವರು ಹೇಳಿದ್ದನ್ನು ಅವರು ಇಂಗ್ಲಿಷ್‌ನಲ್ಲಿ ಬರೆದುಕೊಟ್ಟರು. ಬರೆದದ್ದನ್ನು ತಿರುಗಿ ಕನ್ನಡದಲ್ಲಿ ಹೇಳಿಸಿ ಕೇಳಿಕೊಂಡ ಮೇಲೆಯೇ ಎಲ್ಲರೂ ಸಹಿ ಮಾಡಿದ್ದಾರೆ. ಪತ್ರ ಇಂದು ಮಾರ್ಗ್ರೀತ್ ಅವರ ಹೆಸರಿಗೆ ರಿಜಿಸ್ಟರ್ ಆಗಿದೆ. ಬೆನ್ನ ಹಿಂದೆ ಮಾಡಿದೆವು ಎಂದು ಆಗಬಾರದು, ಅದಕ್ಕೆ ತಿಳಿಸಿದ್ದೇನೆ.

ಕಳಕಮ್ಮ


ಗೆಂಟ್
21 ಆಗಸ್ಟ್ 2000

ಕರಿಗುಂಡಿಯ ನನ್ನ ಗೆಳತಿಯರೇ,

ನಿಮ್ಮ ಹೆಸರಿನಲ್ಲಿ ಬಂದ ಇಂಗ್ಲಿಷ್ ಪತ್ರವನ್ನು ಓದಿದೆ. ನಿಮಗೆ ಅರ್ಥವಾಗಲೆಂದು ಕನ್ನಡದಲ್ಲಿಯೇ ಉತ್ತರ ಬರೆಸುತ್ತಿದ್ದೇನೆ.

ನನಗೆ ದುಃಖವಾಗಿದೆ. ಆದರೆ ನಿಮ್ಮ ಮೇಲೆ ಕೋಪವಿಲ್ಲ. ಆ ಪತ್ರವನ್ನು ಬರೆದವರು ಒಬ್ಬ ಗಂಡಸು ಎಂದು ಕೆಳಗಿನ ಹೆಸರಿನಿಂದ ತಿಳಿಯಿತು. ಹೆಂಗಸರು ತಾವೇ ಒಂದು ನಿರ್ಧಾರ ಮಾಡಿದಾಗ ಊರಿನ ದೊಡ್ಡವರಿಗೆ ಸಹಿಸದಿರುವುದು ಎಲ್ಲ ದೇಶಗಳಲ್ಲೂ ಇದೆ. ನಿಮ್ಮ ಮೇಲೆ ಯಾರು ಒತ್ತಡ ಹಾಕಿದ್ದಾರೆ ಎಂದು ನಾನು ಕೇಳುವುದಿಲ್ಲ. ನಿಮ್ಮ ನಿಜವಾದ ಧ್ವನಿಯನ್ನು ನಾನು ಜನವರಿಯಲ್ಲಿ ನಿಮ್ಮ ಎದುರೇ ಕುಳಿತು ಕೇಳಿದ್ದೇನೆ. ಅದನ್ನು ತಲುಪಿಸಿದ ಸುನಿತಾ ನಿಮ್ಮ ನೆಲದ ಮಗಳು. ಆಕೆಯ ಮೇಲೆ ಸಂಶಯಪಡುವುದೆಂದರೆ ನಿಮ್ಮ ಮೇಲೆಯೇ ಸಂಶಯಪಟ್ಟಂತೆ.

ಧೈರ್ಯವಾಗಿರಿ. ನಾವು ನಿಮ್ಮ ಜೊತೆಗಿದ್ದೇವೆ. ಉದ್ಘಾಟನೆಗೆ ನವೆಂಬರ್‌ನಲ್ಲಿ ಬರುತ್ತೇನೆ. ನೀವು ನನಗೆ ಕೊಟ್ಟ ಖಣಕ್ಕೆ ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ಹಾಕಿದ್ದೇವೆ.

ನಿಮ್ಮ
ಮಾರ್ಗ್ರೀತ್

(ಅನುವಾದ: ಸುನಿತಾ)


ಕರಿಗುಂಡಿ
6 ಸೆಪ್ಟೆಂಬರ್ 2000

ಸುನಿತಾ ಅವರಿಗೆ, ನಮಸ್ಕಾರ.

ಮಾರ್ಗ್ರೀತ್ ಅವರ ಪತ್ರ ಸೋಮವಾರ ಮುಟ್ಟಿದೆ. ಓದುವ ಮುಂಚೆ ಹುಲಿಗವ್ವ ಅದನ್ನು ಕೈಗೆ ತೆಗೆದುಕೊಂಡು, "ಇದು ಸುನಿತಾನ ಅಕ್ಷರ. ನಾ ಇದನ್ನ ನೋಡೇ ಅಕ್ಷರ ತಿದ್ದಿ ಕಲ್ತೀನಿ" ಎಂದಳು. ಮೌಲಾಹುಸೇನ ಸರ್ ಬಂದಿದ್ದರು. ತಮ್ಮ ಬಗ್ಗೆ ಬರೆದದ್ದನ್ನು ಕೇಳಿ, "ನನ್ನ ಹೆಂಡತಿ ಇದನ್ನ ಕೇಳಿದ್ರ ನಗ್ತಾಳ್ರಿ. ಮನ್ಯಾಗ ನಾ ಹೇಳಿದ್ದು ಒಂದೂ ನಡಿಯಂಗಿಲ್ಲ" ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ನಮ್ಮ ಪತ್ರ ಅವರನ್ನು ಮುಟ್ಟಿದಾಗ ನೀವು ಅಲ್ಲೇ ಇದ್ದಿರಿ. ಉತ್ತರವನ್ನು ಒಂದೊಂದು ಪದವಾಗಿ ಕನ್ನಡಕ್ಕೆ ತಂದಿರಿ. ಈ ಸಲ ಏನನ್ನೂ ಮೊಟಕು ಮಾಡಿರಲಾರಿರಿ. ನಿಜ ಹೀಗಲ್ಲ ಎಂದು ಅವರಿಗೆ ಹೇಳಲು ಅಷ್ಟು ಹೊತ್ತು ನಿಮಗೆ ಸಮಯವಿತ್ತು. ಜನವರಿಯದನ್ನು ಅವಸರದಲ್ಲಿ ಆದದ್ದು ಎಂದು ನಾನು ಇಷ್ಟು ದಿನ ಸಂಘದಲ್ಲಿ ನಿಮ್ಮ ಪರವಾಗಿ ಹೇಳುತ್ತಾ ಬಂದಿದ್ದೆ. ಇನ್ನು ಹೇಳುವುದಿಲ್ಲ. ಭಾಗ್ಯನಗರದಲ್ಲಿ ನಿಮ್ಮ ತಾಯಿಯವರಿಗೆ ನಾನು ಏನನ್ನೂ ತಿಳಿಸಿಲ್ಲ, ತಿಳಿಸುವುದೂ ಇಲ್ಲ.

ನವೆಂಬರ್‌ನಲ್ಲಿ ಮಾರ್ಗ್ರೀತ್ ಅವರು ಬಂದರೆ ಏನು ಮಾಡಬೇಕೆಂದು ನಿನ್ನೆ ಸಂಘದಲ್ಲಿ ಚರ್ಚೆಯಾಯಿತು. ಅವರು ಸೂಪ್ ಮಾರಿ ನಮಗಾಗಿ ದುಡಿದವರು, ಊಟ ಹಾಕಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಉಡಿಯ ಮಾತಿಗೆ ತಕರಾರು ಬಂತು. "ಬಂದ ಹೆಣ್ಣಮಗಳನ್ನ ಬರೇ ಉಡಿಲೆ ಕಳಸೂದು ನಮ್ಮೂರಾಗ ಆಗಿಲ್ಲ" ಎಂದು ಹುಲಿಗವ್ವ ಹಟ ಹಿಡಿದಳು. "ಆಗಿಲ್ಲ, ಖರೆ. ಮತ್ತ ಫೋಟೊ ತಗದು ಇನ್ನೇನಕ್ಕ ಒಪ್ಪಿಗಿ ಅಂತ ಬರದ್ರ ಏನ್ ಮಾಡ್ತಿ ಯವ್ವಾ?" ಎಂದಳು ಹಸೀನಾಬೇಗಂ. ಕೈ ಎತ್ತಿಸಿದೆವು. ಉಡಿ ತುಂಬುವುದಿಲ್ಲ ಎಂದು ಆಯಿತು. ಕೊನೆಗೆ ಕೈ ಎತ್ತಿದವಳು ಹುಲಿಗವ್ವ, ಎತ್ತಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಈ ಪತ್ರವನ್ನು ಅವರಿಗೆ ಅನುವಾದಿಸಿ ಹೇಳಬೇಕೆಂದು ನಾವು ಕೇಳುತ್ತಿಲ್ಲ. ಮಾರ್ಗ್ರೀತ್ ಅವರಿಗೆ ಹೇಳುವುದನ್ನು ಅವರು ಬಂದಾಗ ಮೌಲಾಹುಸೇನ ಸರ್ ಅವರ ಹೆಂಡತಿ ಹುಸೇನಬೀ ಹೇಳುತ್ತಾರೆ. ಅವರೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು.

ದೊಡ್ಡ ಮಳೆ ಈ ತಿಂಗಳ ಕೊನೆಗೆ ಬರುವುದು ವಾಡಿಕೆ. ಅದರೊಳಗೆ ಹಳ್ಳದ ಬಾಯಿ ತೆರೆಯದಿದ್ದರೆ ಬರುವ ವರ್ಷವೂ ಕೆರೆ ಖಾಲಿ. ಹಳ್ಳದ ಜಾಗಕ್ಕೆ ಪಂಚಾಯಿತಿ ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆಯುವ ವಿಷಯವನ್ನು ಗ್ರಾಮ ಸಭೆಗೆ ಇಡಲು ಗವಿಸಿದ್ದಪ್ಪ ಒಪ್ಪಿದ್ದಾರೆ. ಪರವಾಗಿ ಮಾತನಾಡುತ್ತೇನೆ ಎಂದು ಅವರು ಹೇಳಿಲ್ಲ. ಕಟ್ಟಿದ್ದನ್ನು ಕೆಡವಲು ಬಿಡುವುದಿಲ್ಲ ಎಂದು ಗುತ್ತಿಗೆದಾರ ಹೇಳಿದ್ದಾನೆ.

ಗ್ರಾಮ ಸಭೆ ಸೆಪ್ಟೆಂಬರ್ 18ರ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪಂಚಾಯಿತಿ ಕಚೇರಿಯ ಮುಂದೆ ನಡೆಯಲಿದೆ. ಹಳ್ಳದ ಬಾಯಿ ಮೊದಲ ವಿಷಯ.

ಕಳಕಮ್ಮ
ಕಾರ್ಯದರ್ಶಿ, ಕರಿಗುಂಡಿ ಕೆರೆ ಸಂಘ